ಕಾರಿನಡಿ ಮಲಗುವ ಮುಂಚೆ

ಎಂಜಿನ್ ಆಯಿಲ್ ಬದಲಿಸಲು ಈಗ ನನಗೆ ಹೆಚ್ಚುಕಡಿಮೆ ಒಂದೂವರೆ ಗಂಟೆ ಹಿಡಿಯುತ್ತದೆ. ಅದರಲ್ಲಿ ಹಳೆಯದನ್ನು ಇಳಿಸಿ ಹೊಸದು ತುಂಬುವ ಕೆಲಸ ಅರ್ಧ ಗಂಟೆಯದು. ಮಿಕ್ಕ ಹೊತ್ತೆಲ್ಲ ಕಾರನ್ನು ಭದ್ರವಾಗಿ ಎತ್ತಿ ನಿಲ್ಲಿಸುವುದಕ್ಕೆ ಮತ್ತು ಕೊನೆಗೆ ಎಲ್ಲಾದರೂ ಸೋರುತ್ತಿದೆಯೇ ಎಂದು ನೋಡುವುದಕ್ಕೆ ಹೋಗುತ್ತದೆ. ಮೊದಲ ಸಲ ಈ ಲೆಕ್ಕ ತಲೆಕೆಳಗಾಗಿತ್ತು: ಎತ್ತಿ ನಿಲ್ಲಿಸಲು ಐದು ನಿಮಿಷ, ಚೆಲ್ಲಿದ್ದನ್ನು ಬಳಿಯಲು ಇಡೀ ಮಧ್ಯಾಹ್ನ.

ಡಿಕ್ಕಿಯಲ್ಲಿ ಕಾರಿನ ಜೊತೆಗೇ ಬರುತ್ತದಲ್ಲ ಜಾಕ್, ಅದು ಟೈರ್ ಬದಲಿಸಲು ಮಾತ್ರ. ಟೈರ್ ಬದಲಿಸುವಾಗ ನಾವು ಕಾರಿನ ಪಕ್ಕದಲ್ಲಿ ಕೂತಿರುತ್ತೇವೆ, ಅಡಿಯಲ್ಲಿ ಅಲ್ಲ. ಹೈಡ್ರಾಲಿಕ್ ಜಾಕ್ ನೋಡಲು ಗಟ್ಟಿಮುಟ್ಟಾಗಿದ್ದರೂ ಒಳಗೆ ಭಾರ ಹೊತ್ತಿರುವುದು ದ್ರವ, ಅದನ್ನು ತಡೆದಿರುವುದು ಒಂದು ಸೀಲ್. ಸೀಲ್ ಕೈಕೊಟ್ಟರೆ ಕಾರು ಹೇಳಿ ಕೇಳಿ ಇಳಿಯುವುದಿಲ್ಲ. ಹಾಗಾಗಿ ಜಾಕಿನ ಕೆಲಸ ಎತ್ತುವುದಷ್ಟೇ, ಹೊರುವುದು ಜಾಕ್ ಸ್ಟ್ಯಾಂಡಿನ, ಅಂದರೆ ಕಾರಿನಡಿ ಊರುವ ಲೋಹದ ಆಧಾರದ ಕೆಲಸ. ಇಟ್ಟಿಗೆ, ಕಲ್ಲು, ಮರದ ತುಂಡುಗಳ ಅಟ್ಟಿ ಯಾವುದೂ ಸ್ಟ್ಯಾಂಡ್ ಅಲ್ಲ. ಇಟ್ಟಿಗೆ ಬಿರುಕು ಬಿಡುವ ಮುಂಚೆ ಯಾವ ಸೂಚನೆಯನ್ನೂ ಕೊಡುವುದಿಲ್ಲ. ಸ್ಟ್ಯಾಂಡ್ ಎಲ್ಲಿ ಕೊಡಬೇಕೆಂಬುದು ಕಾರಿನ ಕೈಪಿಡಿಯಲ್ಲಿ ಚಿತ್ರ ಸಮೇತ ಇರುತ್ತದೆ. ನೆಲ ಸಮತಟ್ಟಾದ ಕಾಂಕ್ರೀಟ್ ಆಗಿರಬೇಕು. ಬಿಸಿಲಿಗೆ ಮೆತ್ತಗಾದ ಡಾಂಬರಿನಲ್ಲಿ ಸ್ಟ್ಯಾಂಡಿನ ಕಾಲು ನಿಧಾನಕ್ಕೆ ಹೂತುಕೊಳ್ಳುತ್ತದೆ.

ಒಂದು ಸಂಗತಿ ನನಗೆ ತಡವಾಗಿ ಹೊಳೆಯಿತು. ನನ್ನದು ಮುಂಚಕ್ರಗಳಿಗೆ ಶಕ್ತಿ ಹೋಗುವ ಕಾರು. ಮುಂಭಾಗ ಎತ್ತಿದ ಮೇಲೆ ಆ ಚಕ್ರಗಳು ಗಾಳಿಯಲ್ಲಿರುತ್ತವೆ, ಆದ್ದರಿಂದ ಗೇರಿನಲ್ಲಿ ಹಾಕಿಟ್ಟರೂ ಕಾರು ನಿಲ್ಲುವುದಕ್ಕೆ ಅದರಿಂದ ಏನೂ ಉಪಯೋಗವಿಲ್ಲ. ಹಿಡಿದಿಡುವುದು ಹಿಂಚಕ್ರದ ಹ್ಯಾಂಡ್‌ಬ್ರೇಕ್ ಒಂದೇ. ಅದೊಂದನ್ನೇ ನಂಬಿ ಮಲಗಲು ನಾನು ತಯಾರಿಲ್ಲ, ಎತ್ತುವ ಮುಂಚೆಯೇ ಹಿಂಚಕ್ರಗಳ ಎರಡೂ ಬದಿಗೆ ಬಿಗಿಯಾಗಿ ತಡೆ ಕೊಡುತ್ತೇನೆ. ಸ್ಟ್ಯಾಂಡಿನ ಮೇಲೆ ಇಳಿಸಿದ ಮೇಲೆ ಬದಿಯಿಂದ ಕಾರನ್ನು ಜೋರಾಗಿ ಅಲ್ಲಾಡಿಸಿ ನೋಡುತ್ತೇನೆ. ಬೀಳುವುದಾದರೆ ನಾನು ಹೊರಗಿರುವಾಗಲೇ ಬೀಳಲಿ. ಕೀಲಿ ನನ್ನ ಜೇಬಿನಲ್ಲಿ, ಅಡಿಯಲ್ಲಿರುತ್ತೇನೆಂಬ ವಿಷಯ ಮನೆಯವರ ಕಿವಿಯಲ್ಲಿ.

ಆಯಿಲ್ ತಣ್ಣಗಿದ್ದರೆ ನಿಧಾನಕ್ಕೆ, ಅರೆಬರೆ ಇಳಿಯುತ್ತದೆ. ಓಡಿಸಿಕೊಂಡು ಬಂದ ಕಾರಿನಲ್ಲಿ ಅದು 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ, ಕೈ ಸುಟ್ಟೇ ಸುಡುತ್ತದೆ. ಪಕ್ಕದ ಸೈಲೆನ್ಸರ್ ಪೈಪ್ ಅದಕ್ಕಿಂತ ಬಿಸಿ. ಬಯಲಿನಲ್ಲಿ ಮೂರ್ನಾಲ್ಕು ನಿಮಿಷ ಎಂಜಿನ್ ಓಡಿಸಿ, ಆರಿಸಿ, ಹತ್ತು ಹದಿನೈದು ನಿಮಿಷ ಬಿಟ್ಟರೆ ಹದ ಸರಿ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಮಾತ್ರ ಓಡಿಸಬೇಡಿ, ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೇ ಇಲ್ಲ.

ಬಾನೆಟ್ ತೆರೆದು ಆಯಿಲ್ ತುಂಬುವ ಮುಚ್ಚಳವನ್ನು ಮೊದಲೇ ಬಿಚ್ಚಿಡುತ್ತೇನೆ. ಮೇಲಿಂದ ಗಾಳಿ ಹೋದರೆ ಕೆಳಗೆ ಆಯಿಲ್ ಸರಾಗವಾಗಿ ಇಳಿಯುತ್ತದೆ. ಆಮೇಲೆ ಅಡಿಗೆ ಹೋಗಿ ಡ್ರೇನ್ ಬೋಲ್ಟ್, ಅಂದರೆ ಹಳೆಯ ಆಯಿಲ್ ಇಳಿಯುವ ತೂತನ್ನು ಮುಚ್ಚಿರುವ ಬೋಲ್ಟ್. ಇದಕ್ಕೆ ಬಾಯಿ ತೆರೆದ ಸ್ಪ್ಯಾನರ್ ಬೇಡ, ಬೋಲ್ಟಿನ ತಲೆ ಸವೆಯುತ್ತದೆ. ಸರಿಯಾದ ಅಳತೆಯ ಸಾಕೆಟ್ ಅಥವಾ ರಿಂಗ್ ಸ್ಪ್ಯಾನರ್ ಹಾಕಿ. ಅಂಗಾತ ಮಲಗಿದಾಗ ಎಡ ಬಲ ಮರೆತುಹೋಗುತ್ತದೆ, ಹಾಗಾಗಿ ಬೋಲ್ಟಿನ ತಲೆಗೆ ಮುಖಾಮುಖಿಯಾಗಿದ್ದೇನೆಂದು ಊಹಿಸಿಕೊಂಡು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿಸುತ್ತೇನೆ. ಸಡಿಲವಾದ ಮೇಲೆ ಬೆರಳಿನಿಂದಲೇ, ಒಳಕ್ಕೆ ಒತ್ತಿ ಹಿಡಿದುಕೊಂಡೇ ತಿರುಗಿಸಬೇಕು. ಕೊನೆಯ ಸುತ್ತು ಬಿಟ್ಟಾಗ ಕೈಯನ್ನು ಫಕ್ಕನೆ ಬದಿಗೆ ಎಳೆದುಕೊಳ್ಳಬೇಕು, ಇಲ್ಲದಿದ್ದರೆ ಆಯಿಲ್ ಮೊಣಕೈವರೆಗೂ ಹರಿಯುತ್ತದೆ.

ತಟ್ಟೆಯನ್ನು ಬೋಲ್ಟಿನ ನೇರ ಕೆಳಗೆ ಇಟ್ಟು ನಾನು ಮೋಸಹೋಗಿದ್ದೆ. ಬೋಲ್ಟ್ ಅಡ್ಡಡ್ಡಕ್ಕೆ ಕೂತಿದ್ದರೆ ಆಯಿಲ್ ಮೊದಲು ಬಿಲ್ಲಿನಂತೆ ಬಾಗಿ ಒಂದು ಗೇಣು ಆಚೆ ಬೀಳುತ್ತದೆ. ಒತ್ತಡ ಕಮ್ಮಿಯಾದಂತೆ ಧಾರೆ ಹಿಂದಕ್ಕೆ ಬಂದು ಕೊನೆಗೆ ನೆಟ್ಟಗೆ ತೊಟ್ಟಿಕ್ಕುತ್ತದೆ. ಅಗಲದ ತಟ್ಟೆ, ಅದರಡಿ ದೊಡ್ಡ ರಟ್ಟು ಇದ್ದರೆ ಈ ತಲೆನೋವಿಲ್ಲ.

ಇಳಿಯುತ್ತಿರುವಾಗ ಅದನ್ನು ಸ್ವಲ್ಪ ನೋಡಿ. ಕಪ್ಪಾಗಿದ್ದರೆ ಗಾಬರಿ ಬೇಡ, ಡೀಸೆಲ್ ಎಂಜಿನ್ನಿನಲ್ಲಂತೂ ಹೊಸ ಆಯಿಲ್ ಕೂಡ ಬೇಗನೆ ಮಸಿ ತುಂಬಿ ಕಪ್ಪಾಗುತ್ತದೆ. ಹಾಲು ಬೆರೆಸಿದ ಕಾಫಿಯಂತೆ ಕಂಡರೆ ಮಾತ್ರ ಎಂಜಿನ್ ತಣ್ಣಗಿಡುವ ದ್ರವ, ಕೂಲೆಂಟ್, ಒಳಗೆ ಸೇರುತ್ತಿರಬಹುದು, ಓಡಿಸದೆ ಮೆಕ್ಯಾನಿಕ್ಕಿಗೆ ತೋರಿಸಿ. ಕೆಲವು ಬೋಲ್ಟಿಗೆ ಅಯಸ್ಕಾಂತ ಇರುತ್ತದೆ. ಅದರ ಮೇಲೆ ನುಣ್ಣಗಿನ ಬೂದು ಲೇಪ ಸಹಜ, ಉಗುರಿಗೆ ಸಿಗುವ ಲೋಹದ ಚೂರು ಸಹಜವಲ್ಲ.

ಇನ್ನು ಆಯಿಲಿನ ಕೊಳೆ ಸೋಸುವ ಫಿಲ್ಟರ್. ಆ ಮಧ್ಯಾಹ್ನ ಹಾಳಾದದ್ದು ಇದರಿಂದಲೇ. ಹಳೆಯ ಫಿಲ್ಟರನ್ನು ತಿರುಗಿಸಿ ತೆಗೆದೆ, ಹೊಸದನ್ನು ಕೂರಿಸಿದೆ, ಆಯಿಲ್ ತುಂಬಿದೆ, ಸ್ಟಾರ್ಟ್ ಮಾಡಿದೆ. ಸೆಕೆಂಡುಗಳಲ್ಲಿ ಆರಬೇಕಾದ ಕೆಂಪು ಆಯಿಲ್ ದೀಪ ಆರಲಿಲ್ಲ. ಕಾರಿನಡಿಯಿಂದ ಬಕೆಟ್ ಮಗುಚಿದಂಥ ಸದ್ದು. ಕೀಲಿ ತಿರುಗಿಸಿ ಎಂಜಿನ್ ನಿಲ್ಲಿಸುವಷ್ಟರಲ್ಲಿ ಹೊಸ ಆಯಿಲ್ ನೆಲದ ಮೇಲೆ ಹರಡಿಕೊಂಡಿತ್ತು. ಆದದ್ದು ಇಷ್ಟೇ: ಹಳೆಯ ಫಿಲ್ಟರಿನ ರಬ್ಬರ್ ರಿಂಗ್ ಅದರ ಜೊತೆ ಬಾರದೆ ಎಂಜಿನ್ನಿಗೇ ಅಂಟಿಕೊಂಡಿತ್ತು. ಅದರ ಮೇಲೆ ನಾನು ಇನ್ನೊಂದು ರಿಂಗ್ ಕೂರಿಸಿದ್ದೆ. ಕೈಗೆ ಬಿಗಿಯಾಗಿಯೇ ಇತ್ತು. ಪಂಪಿನ ಒತ್ತಡ ಬಂದ ಕೂಡಲೇ ಎರಡು ರಿಂಗುಗಳೂ ಒಂದರ ಮೇಲೊಂದು ಜಾರಿ ದಾರಿ ಬಿಟ್ಟವು.

ಅಂದಿನಿಂದ ಹಳೆಯ ಫಿಲ್ಟರನ್ನು ತಿರುಗಿಸಿ ರಿಂಗ್ ಅದರಲ್ಲೇ ಇದೆಯೇ ಎಂದು ನೋಡದೆ ಮುಂದಕ್ಕೆ ಹೋಗುವುದಿಲ್ಲ. ಎಂಜಿನ್ನಿನ ಮುಖವನ್ನು ಬಟ್ಟೆಯಿಂದ ಒರೆಸಿ ಬೆರಳನ್ನೂ ಸುತ್ತ ಆಡಿಸುತ್ತೇನೆ. ಹೊಸ ರಿಂಗಿಗೆ ಹೊಸ ಆಯಿಲನ್ನೇ ತುಸು ಸವರಿ, ಕೈಯಲ್ಲಿ ತಿರುಗಿಸಿ, ರಬ್ಬರ್ ತಾಗಿದ ಮೇಲೆ ಮುಕ್ಕಾಲು ಸುತ್ತು ಬಿಗಿಯುತ್ತೇನೆ. ಕೆಲವು ಫಿಲ್ಟರುಗಳ ಮೈಮೇಲೆ ಬೇರೆ ಲೆಕ್ಕ ಅಚ್ಚಾಗಿರುತ್ತದೆ, ಆಗ ಅದೇ ಸರಿ. ಪಟ್ಟಿ ಹಾಕುವ ಸ್ಪ್ಯಾನರ್ ಬಿಚ್ಚಲು ಮಾತ್ರ.

ಡ್ರೇನ್ ಬೋಲ್ಟಿನ ವಾಷರ್ ಹೊಸದೇ ಇರಲಿ. ಮೊದಲ ಸುತ್ತುಗಳು ಬೆರಳಿನಲ್ಲೇ ಹೋಗಬೇಕು. ತಡೆದರೆ ಬಿಚ್ಚಿ ಮತ್ತೆ ಕೂರಿಸಿ, ಸ್ಪ್ಯಾನರ್ ಹಾಕಿ ಬಲವಂತ ಮಾಡಬೇಡಿ. ಎಷ್ಟು ಬಿಗಿಯಬೇಕೆಂದು ಕೈಪಿಡಿ ಹೇಳುತ್ತದೆ, ಬಹಳಷ್ಟು ಕಾರುಗಳಲ್ಲಿ 25ರಿಂದ 40 ನ್ಯೂಟನ್ ಮೀಟರ್. ಮೈಮೇಲಿನ ಬಲವೆಲ್ಲ ಹಾಕುವವರು ಆಯಿಲ್ ನಿಲ್ಲುವ ಅಲ್ಯುಮಿನಿಯಂ ಚೇಂಬರಿನ ಥ್ರೆಡ್ ಹಾಳುಮಾಡಿಕೊಳ್ಳುತ್ತಾರೆ, ಅದು ದುಬಾರಿ ಕೆಲಸ.

ಆಯಿಲಿನ ಗ್ರೇಡಿನ ಬಗ್ಗೆ ಹೆಚ್ಚು ವಾದ ಬೇಡ, ಕೈಪಿಡಿಯಲ್ಲಿ ಇದ್ದದ್ದನ್ನೇ ಹಾಕಿ. 5ಡಬ್ಲ್ಯೂ-30 ಎಂದರೆ ಮೊದಲ ಅಂಕಿ ಚಳಿಯಲ್ಲಿ ಎಷ್ಟು ಸುಲಭವಾಗಿ ಹರಿಯುತ್ತದೆ ಎಂಬುದಕ್ಕೆ, ಎರಡನೆಯದು 100 ಡಿಗ್ರಿಯಲ್ಲಿನ ಸ್ನಿಗ್ಧತೆಗೆ. ದಪ್ಪ ಆಯಿಲ್ ಎಂಜಿನ್ನಿಗೆ ಒಳ್ಳೆಯದು ಎಂಬ ಮಾತು ಇಂದಿನ ಎಂಜಿನ್ನುಗಳಿಗೆ ಹೊಂದುವುದಿಲ್ಲ.

ಆಲಿಕೆ ಇಟ್ಟು, ಹೇಳಿದ ಅಳತೆಗಿಂತ ಅರ್ಧ ಲೀಟರ್ ಕಮ್ಮಿಯೇ ಸುರಿಯುತ್ತೇನೆ. ಮುಚ್ಚಳ ಹಾಕಿ, ಸ್ಟಾರ್ಟ್ ಮಾಡಿ, ದೀಪ ಆರಿತೇ ಎಂದು ನೋಡಿ, ಅರ್ಧ ನಿಮಿಷಕ್ಕೆ ಆರಿಸಿ, ಬಗ್ಗಿ ಟಾರ್ಚ್ ಬಿಡುತ್ತೇನೆ. ಆಮೇಲೆ ಕಾರನ್ನು ಸ್ಟ್ಯಾಂಡಿನಿಂದ ಸಮನೆಲಕ್ಕೆ ಇಳಿಸಿ, ಹತ್ತು ನಿಮಿಷ ಬಿಟ್ಟು ಆಯಿಲ್ ಮಟ್ಟ ಅಳೆಯುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್. ಮೂತಿ ಮೇಲೆತ್ತಿದ ಕಾರಿನಲ್ಲಿ ಡಿಪ್‌ಸ್ಟಿಕ್ ಸುಳ್ಳು ಹೇಳುತ್ತದೆ. ಕೊರತೆಯನ್ನು ಸ್ವಲ್ಪಸ್ವಲ್ಪವಾಗಿ ತುಂಬಬೇಕು. ಮೇಲಿನ ಗೆರೆ ದಾಟಿದರೆ ಒಳಗೆ ತಿರುಗುವ ಕ್ರ್ಯಾಂಕ್ ದಂಡ ಆಯಿಲನ್ನು ಕಡೆದು ನೊರೆ ಎಬ್ಬಿಸಬಹುದು, ನೊರೆಯಿಂದ ಬೇರಿಂಗುಗಳಿಗೆ ರಕ್ಷಣೆ ಸಿಗುವುದಿಲ್ಲ.

ಹಳೆಯ ಆಯಿಲ್ ಕೈಗೆ ತಾಗದಿರಲಿ. ಅದನ್ನು ಮತ್ತೆ ಮತ್ತೆ ಸವರಿದ ಇಲಿಗಳಿಗೆ ಚರ್ಮದ ಕ್ಯಾನ್ಸರ್ ಬಂದದ್ದು ಪ್ರಯೋಗಗಳಲ್ಲಿ ಕಂಡಿದೆ. ನೈಟ್ರೈಲ್ ಕೈಗವಸು ಹಾಕಿಕೊಳ್ಳುತ್ತೇನೆ, ಆಯಿಲ್ ಬಟ್ಟೆಯನ್ನು ಜೇಬಿಗೆ ತುರುಕುವ ಚಾಳಿ ಬಿಟ್ಟಿದ್ದೇನೆ. ಫಿಲ್ಟರನ್ನು ರಾತ್ರಿಯಿಡೀ ಮಗುಚಿಟ್ಟು ಬಸಿದು, ಎಲ್ಲವನ್ನೂ ಹೊಸ ಆಯಿಲಿನ ಖಾಲಿ ಕ್ಯಾನಿಗೇ ತುಂಬಿ, ಹಳೆಯ ಆಯಿಲ್ ಸಂಗ್ರಹಿಸುವ ಕಡೆ ಕೊಡುತ್ತೇನೆ. ಅದರೊಂದಿಗೆ ಕೂಲೆಂಟ್, ಪೆಟ್ರೋಲ್ ಬೆರೆಸಬಾರದು, ಬೆರೆತರೆ ಶುದ್ಧೀಕರಿಸುವುದು ಕಷ್ಟ. ಚರಂಡಿಗಂತೂ ಒಂದು ಹನಿಯೂ ಬೇಡ.

ರಾತ್ರಿ ಎಂಜಿನ್ ಕೆಳಗೆ ಒಣ ರಟ್ಟು ಹಾಸಿಟ್ಟು ಮನೆಯೊಳಗೆ ಮಲಗಲು ಹೋಗುತ್ತೇನೆ. ಕಳೆದ ಸಲ ಬೆಳಿಗ್ಗೆ ಅದರ ಮೇಲೆ ನಾಣ್ಯದಷ್ಟು ಕಪ್ಪು ಕಲೆ ಇತ್ತು, ಎದೆ ಧಸಕ್ಕೆಂದಿತು. ಹೊಸ ಆಯಿಲ್ ಆಗಿದ್ದರೆ ಜೇನಿನ ಬಣ್ಣ ಇರಬೇಕಿತ್ತು. ಫಿಲ್ಟರ್ ಬಿಚ್ಚುವಾಗ ಅಡ್ಡಪಟ್ಟಿಯ ಮೇಲೆ ಚೆಲ್ಲಿದ ಹಳೆಯದೇ ಇಳಿದು ಬಂದಿತ್ತು. ಒರೆಸಿ, ಇನ್ನೊಂದು ರಟ್ಟು ಹಾಸಿದೆ. ಮರುದಿನ ಅದು ಒಣಗಿಯೇ ಇತ್ತು.