ಪೆರ್ಮುದೆಯ ಚಡಾವಿನಲ್ಲಿ ನಿಲ್ಲುತ್ತಿದ್ದ ಮಾರುತಿ

ನಮ್ಮ ಊರು ಕೇರಳದ ಕಾಸರಗೋಡು ಜಿಲ್ಲೆಯಲ್ಲಿ. ಬಂದ್ಯೋಡಿನಿಂದ ಪೆರ್ಮುದೆ ಕಡೆಗೆ ಬರುವಾಗ ಏರು ಜಾಸ್ತಿ. 2025ರ ಎಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಾರು ಆ ಚಡಾವಿನಲ್ಲೇ ನಿಲ್ಲತೊಡಗಿತು. ಮೊದಲು ಎರಡು ಸಲ ಜಗ್ಗುತ್ತದೆ, ಆಮೇಲೆ ಕೆಮ್ಮುತ್ತದೆ, ಮತ್ತೆ ಸದ್ದೇ ಇಲ್ಲ. ಕೀ ತಿರುಗಿಸಿದರೆ ಸ್ಟಾರ್ಟರ್ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಹತ್ತು ನಿಮಿಷ ನೆರಳಲ್ಲಿ ನಿಂತು ಬಂದರೆ ಏನೂ ಆಗದ ಹಾಗೆ ಸ್ಟಾರ್ಟ್ ಆಗಿ ಮನೆ ಮುಟ್ಟಿಸುತ್ತದೆ. ಇಳಿಯುವಾಗ ಒಂದು ದಿನವೂ ನಿಂತದ್ದಿಲ್ಲ. ಈ ಕೊನೆಯ ಸಂಗತಿಯನ್ನು ನಾನು ಮೊದಲೇ ಗಮನಿಸಬೇಕಿತ್ತು. ಗಮನಿಸುವಷ್ಟರಲ್ಲಿ ಐದಾರು ಸಾವಿರ ಕೈಬಿಟ್ಟು ಹೋಗಿತ್ತು.

ಕಾರು 1999ರ ಮಾರುತಿ 800. 796 ಸಿಸಿ, ಮೂರು ಸಿಲಿಂಡರ್, ಕಾರ್ಬರೇಟರ್ ಇರುವ ಮಾದರಿ. ಅಪ್ಪ ಆ ವರ್ಷದ ಅಡಕೆ ಮಾರಿ ತಂದದ್ದು. ಅಡಕೆ ಲೆಕ್ಕದ ಪುಸ್ತಕದ ಹಿಂದಿನ ಪುಟಗಳಲ್ಲಿ ಕಾರಿನ ಲೆಕ್ಕವನ್ನೂ ಬರೆದಿಡುತ್ತಿದ್ದರು. ಯಾವ ದಿನ ಆಯಿಲ್, ಯಾವ ದಿನ ಪ್ಲಗ್, ಮೀಟರಿನಲ್ಲಿ ಎಷ್ಟು ಕಿಲೋಮೀಟರ್, ಎಲ್ಲ. ಅವರು ಹೋದ ಮೇಲೆ ಪುಸ್ತಕವೂ ಕಾರೂ ನನ್ನ ಪಾಲಿಗೆ ಬಂದವು. ಮಾರಿಬಿಡಿ ಎಂದು ಹೇಳದವರಿಲ್ಲ. ಆದರೆ ಅಮ್ಮನಿಗೆ ಹತ್ತಿ ಇಳಿಯಲು ಇದೇ ಸಲೀಸು, ನಮ್ಮ ಮನೆಯ ಓಣಿಗೂ ಇದೇ ಅಳತೆ. ಹೊಸ ಕಾರುಗಳೆಲ್ಲ ಎರಡು ಬದಿಯ ಮುರಕಲ್ಲಿನ ಗೋಡೆ ಉಜ್ಜಿಕೊಂಡೇ ಒಳಗೆ ಬರಬೇಕು.

ನಾನು ಮೆಕ್ಯಾನಿಕ್ ಅಲ್ಲ, ಕನ್ನಡ ಶಾಲೆಯ ಮಾಷ್ಟ್ರು. ಹಾಗಾಗಿ ಮೊದಲು ಗ್ಯಾರೇಜಿಗೇ ಹೋದೆ. ನಮ್ಮ ಕಡೆ ಕಾರಿನ ಕಾಯಿಲೆಯನ್ನು ಮೂರು ಭಾಷೆಯಲ್ಲಿ ಹೇಳಲು ಗೊತ್ತಿರಬೇಕು. ಒಬ್ಬರ ಹತ್ತಿರ ಮಲಯಾಳದಲ್ಲಿ 'ವಲಿಕ್ಕುನ್ನಿಲ್ಲ', ಇನ್ನೊಬ್ಬರ ಹತ್ತಿರ ತುಳುವಿನಲ್ಲಿ 'ಒಯ್ಪುಜಿ', ಮನೆಯಲ್ಲಿ ಕನ್ನಡದಲ್ಲಿ 'ಎಳೆಯುವುದಿಲ್ಲ'. ಮೂರಕ್ಕೂ ಅರ್ಥ ಒಂದೇ, ಸಿಕ್ಕಿದ ಉತ್ತರ ಮಾತ್ರ ಬೇರೆ ಬೇರೆ. ಮೊದಲನೆಯವರು ಪ್ಲಗ್ಗಿನ ಕಿಡಿಗೆ ಕರೆಂಟು ಕೊಡುವ ಇಗ್ನಿಷನ್ ಕಾಯಿಲ್ ಬದಲಿಸಿದರು. ಬಿಸಿಯಾದಾಗ ಕಾಯಿಲ್ ಕೈಕೊಡುವುದು, ತಣ್ಣಗಾದ ಮೇಲೆ ಸರಿಯಾಗುವುದು ಉಂಟು, ಅದು ಸುಳ್ಳಲ್ಲ. ಎರಡನೆಯವರು ಪೆಟ್ರೋಲನ್ನು ಗಾಳಿಗೆ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬರೇಟರ್ ಬಿಚ್ಚಿ ತೊಳೆದು, ಪೆಟ್ರೋಲ್ ಪಂಪನ್ನೂ ಹೊಸತು ಹಾಕಿದರು. ಮೂರನೆಯವರು ಮುಟ್ಟಿ ಕೂಡ ನೋಡಲಿಲ್ಲ. "ಚೂಡಾಣ್ ಮಾಷೆ," ಅಂದರು. ಸೆಕೆ, ಅಷ್ಟೇ. ಪೆಟ್ರೋಲು ಪೈಪಿನೊಳಗೇ ಆವಿಯಾಗುತ್ತದೆ, ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಎಂದರು. ತಲಪಾಡಿ ಗಡಿ ದಾಟಿ ಕರ್ನಾಟಕಕ್ಕೆ ಹೋದರೆ ಪೆಟ್ರೋಲಿಗೆ ರೇಟು ಕಡಿಮೆ ಎಂದು ನಾನು ಅಲ್ಲೇ ತುಂಬಿಸುವುದು. ಆ ಕಡೆಯ ಪೆಟ್ರೋಲು ಸರಿ ಇಲ್ಲ ಎಂದ ಭಾವನೂ ಒಬ್ಬ ಇದ್ದಾನೆ.

ಒದ್ದೆ ಬಟ್ಟೆ ಹಾಕಿದೆ. ಹತ್ತು ನಿಮಿಷದಲ್ಲಿ ಸ್ಟಾರ್ಟ್ ಆಯಿತು. ಖುಷಿಯಾಯಿತು. ಮುಂದಿನ ವಾರ ನಿಂತಾಗ ಬಟ್ಟೆ ಹಾಕದೆ ಸುಮ್ನೆ ಕೂತೆ. ಆಗಲೂ ಹತ್ತೇ ನಿಮಿಷ.

ಅಲ್ಲಿಂದ ನಾನೇ ಹುಡುಕಲು ಶುರು ಮಾಡಿದೆ. ಒಂದು ನಿಯಮ ಹಾಕಿಕೊಂಡೆ: ಕಾರು ಸರಿ ಇರುವಾಗ ಏನೂ ನೋಡುವುದಿಲ್ಲ, ನಿಂತ ಜಾಗದಲ್ಲಿ, ನಿಂತ ಹೊತ್ತಿನಲ್ಲೇ ನೋಡುವುದು. ಗ್ಯಾರೇಜಿಗೆ ಹೋದಾಗ ಕಾರು ಯಾವತ್ತೂ ಚೆನ್ನಾಗಿಯೇ ಓಡುತ್ತಿತ್ತಲ್ಲ, ಪಾಪ ಅವರು ತಾನೇ ಏನು ಮಾಡಿಯಾರು. ಡಿಕ್ಕಿಯಲ್ಲಿ ಒಂದು ಪ್ಲಗ್ ಸ್ಪ್ಯಾನರ್, ಒಂದು ಹೆಚ್ಚುವರಿ ಪ್ಲಗ್, ಮಲ್ಟಿಮೀಟರ್, ಟಾರ್ಚ್, ಮತ್ತೆ ಎರಡು ದೊಡ್ಡ ಅಡಕೆ ಹಾಳೆ ಇಟ್ಟುಕೊಂಡೆ. ಹಾಳೆ ಯಾಕೆ ಅಂದರೆ ಕಾರಿನ ಅಡಿಗೆ ಮಲಗಿ ಜಾರಲು ಅದಕ್ಕಿಂತ ಒಳ್ಳೆಯದು ಅಂಗಡಿಯಲ್ಲಿ ಸಿಗುವುದಿಲ್ಲ. ಪೆಟ್ರೋಲು ಪಂಪಿಗೆ ಬರುವ ಪೈಪಿನಲ್ಲಿ ಒಂದು ಪಾರದರ್ಶಕ ಪೆಟ್ರೋಲ್ ಫಿಲ್ಟರ್ ಹಾಕಿಸಿದೆ. ಸಣ್ಣ ಸಾಮಾನು. ಒಳಗೆ ಪೆಟ್ರೋಲು ಇದೆಯೋ ಇಲ್ಲವೋ ಎಂದು ಕಣ್ಣಿಗೇ ಕಾಣುತ್ತದೆ.

ಪೆಟ್ರೋಲ್ ಎಂಜಿನ್ ತಟ್ಟನೆ ನಿಂತರೆ ಮೊದಲು ಕೇಳಬೇಕಾದ್ದು ಕಿಡಿ ಇಲ್ಲವೋ, ಪೆಟ್ರೋಲಿಲ್ಲವೋ ಎಂದು. ಮುಂದಿನ ಸಲ ನಿಂತಾಗ ಒಂದು ಪ್ಲಗ್ ವಯರ್ ಎಳೆದು, ಹೆಚ್ಚುವರಿ ಪ್ಲಗ್ ಸಿಕ್ಕಿಸಿ, ಅದರ ಮೈ ಎಂಜಿನ್ನಿಗೆ ತಾಗುವಂತೆ ಇಟ್ಟು, ಮಗನ ಹತ್ತಿರ ಕೀ ತಿರುಗಿಸಲು ಹೇಳಿದೆ. ಪೆಟ್ರೋಲು ಎಲ್ಲೂ ಸೋರಿಲ್ಲ ಎಂದು ನೋಡಿಕೊಂಡೇ ಇದನ್ನು ಮಾಡಬೇಕು, ವಯರನ್ನು ಬರಿಗೈಯಲ್ಲಿ ಹಿಡಿಯಬಾರದು. ನೀಲಿ ಕಿಡಿ ಪಟಪಟ ಹಾರಿತು. ಕಾಯಿಲಿನ ತಪ್ಪಿಲ್ಲ. ಫಿಲ್ಟರ್ ನೋಡಿದೆ: ತಳದಲ್ಲಿ ನಾಲ್ಕು ಹನಿ, ಅಷ್ಟೆ. ಪೆಟ್ರೋಲು ಬರುತ್ತಿಲ್ಲ. ಎರಡು ತಿಂಗಳ ಗೊಂದಲ ಐದು ನಿಮಿಷದಲ್ಲಿ ಅರ್ಧಕ್ಕಿಳಿಯಿತು.

ಟ್ಯಾಂಕಿನ ಮುಚ್ಚಳ ತೆಗೆದೆ. ಗಾಳಿ ಒಳಗೆ ಹೋಗುವ ದಾರಿ ಕಟ್ಟಿದ್ದರೆ ಮುಚ್ಚಳ ತೆಗೆಯುವಾಗ ಸುಯ್ ಎಂದು ಗಾಳಿ ಎಳೆಯುವ ಸದ್ದು ಬರುತ್ತದೆ. ಸದ್ದಿಲ್ಲ. ಮುಚ್ಚಳ ಸಡಿಲ ಬಿಟ್ಟು ಹತ್ತಿದರೂ ನಿಂತಿತು. ಅದೂ ಅಲ್ಲ.

ಇನ್ನು ಪೈಪಿನಲ್ಲೇ ಏನೋ ಕಟ್ಟಿದೆ ಅಂದುಕೊಂಡೆ. ಅಂಗಳದಲ್ಲಿ ಮುಂದಿನ ಹೋಸ್ ಕಳಚಿ, ಸೈಕಲ್ ಪಂಪಿನಲ್ಲಿ ಟ್ಯಾಂಕಿನ ಕಡೆಗೆ ಗಾಳಿ ಹೊಡೆದೆ. ಟ್ಯಾಂಕಿನಲ್ಲಿ ಗುಳುಗುಳು ಎಂದು ಚೆನ್ನಾಗಿಯೇ ಕೇಳಿಸಿತು. ಪೈಪು ತೆರೆದೇ ಇದೆ ಅಂತಾಯಿತು. ಇಲ್ಲಿ ನಾನು ಸರಿಯಾಗಿ ಏಮಾರಿದೆ. ಹೊಸ ಪಂಪೇ ಸರಿ ಇಲ್ಲ ಎಂದು ಮತ್ತೊಂದು ಪಂಪಿಗೆ ಮಂಗಳೂರಿಗೆ ಹೋಗುವವನಿದ್ದೆ.

ಎರಡನೆಯ ಮೆಕ್ಯಾನಿಕ್ ನನ್ನನ್ನು ತಡೆದರು. "ಪಂಪ್ ಹೊಸತು ಮಾಷ್ಟ್ರೇ, ನೀವು ಸುಮ್ನೆ ದುಡ್ಡು ಕಳೀಬೇಡಿ, ಬಾಟಲಿ ಹಾಕಿ ನೋಡುವ," ಅಂದರು. ಚಡಾವಿನ ಬುಡಕ್ಕೆ ಅವರೇ ಬಂದರು. ಒಂದು ಡಬ್ಬದಲ್ಲಿ ಪೆಟ್ರೋಲು, ಅಲ್ಲಿಂದ ನೇರ ಪಂಪಿಗೆ ಒಂದು ಗಿಡ್ಡ ಹೋಸ್. ಟ್ಯಾಂಕಿಗೂ ಹಿಂದಿನ ಪೈಪಿಗೂ ಸಂಬಂಧವೇ ಇಲ್ಲ. ಬೆಂಕಿಯ ಅಪಾಯ ಇರುವ ಕೆಲಸ, ಅನುಭವ ಇಲ್ಲದವರು ಮಾಡಲೇಬಾರದು. ಅವರೂ ಬೆಂಕಿ ನಂದಿಸುವ ಸಿಲಿಂಡರ್ ಪಕ್ಕದಲ್ಲಿಟ್ಟುಕೊಂಡೇ ಮಾಡಿದರು. ಕಾರು ಧರ್ಮತ್ತಡ್ಕದವರೆಗೂ ಒಂದೇ ಉಸಿರಿಗೆ ಹತ್ತಿತು. ಪಂಪು, ಕಾರ್ಬರೇಟರ್ ಎರಡೂ ಸರಿ. ತೊಂದರೆ ಟ್ಯಾಂಕಿಗೂ ಪಂಪಿಗೂ ನಡುವೆ ಎಲ್ಲೋ ಇದೆ.

ಹಾಳೆ ಹಾಸಿ ಅಡಿಗೆ ಹೋದೆ. ಟ್ಯಾಂಕಿನಿಂದ ಕಬ್ಬಿಣದ ಪೈಪಿಗೆ ಜೋಡಿಸುವ ಒಂದು ಗೇಣಿನ ರಬ್ಬರ್ ಹೋಸ್ ಮೇಲುಗಡೆ ಅಡಗಿಕೊಂಡಿರುತ್ತದೆ. ಹೊರಗಿನಿಂದ ಬಿರುಕೂ ಇಲ್ಲ, ಸೋರಿಕೆಯೂ ಇಲ್ಲ. ಅಪ್ಪನ ಪುಸ್ತಕ ತಿರುವಿ ನೋಡಿದರೆ ಅದನ್ನು ಬದಲಿಸಿದ ದಾಖಲೆಯೇ ಇಲ್ಲ. ಕಾರಿನಷ್ಟೇ ವಯಸ್ಸು ಅದಕ್ಕೆ. ಬಿಚ್ಚಿ ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿದೆ. ಒಳಗಿನ ಪದರ ಬಾತು, ಮೆತ್ತಗಾಗಿ, ಬಾಳೆದಿಂಡಿನ ಪದರದ ಹಾಗೆ ಬಿಟ್ಟುಕೊಂಡಿತ್ತು. ಗಾಳಿ ಊದಿದರೆ ಆ ಪದರ ಗೋಡೆಗೆ ಅಂಟಿ ದಾರಿ ಬಿಡುತ್ತದೆ. ಪಂಪು ಎಳೆದರೆ ಒಳಕ್ಕೆ ಕುಸಿದು ದಾರಿ ಮುಚ್ಚುತ್ತದೆ. ಏರಿನಲ್ಲಿ ಎಂಜಿನ್ನಿಗೆ ಪೆಟ್ರೋಲು ಜಾಸ್ತಿ ಬೇಕು, ಪಂಪು ಜೋರಾಗಿ ಎಳೆಯುತ್ತದೆ, ಹೋಸ್ ಮುಚ್ಚುತ್ತದೆ. ಹತ್ತು ನಿಮಿಷ ಬಿಟ್ಟರೆ ಮೆಲ್ಲ ತೆರೆದುಕೊಳ್ಳುತ್ತದೆ. ಇಳಿಯುವಾಗ ಪೆಟ್ರೋಲು ಬೇಕಾಗುವುದೇ ಕಡಿಮೆ. ಸೈಕಲ್ ಪಂಪಿನ ನನ್ನ ಪರೀಕ್ಷೆ ತಿರುಗುಮುರುಗಾಗಿತ್ತು. ನಾನು ಊದಿದ್ದೆ, ಕಾರು ಎಳೆಯುತ್ತದೆ.

ಈಗ ಎಥನಾಲಿನ ವಿಷಯ. ದೇಶದಲ್ಲಿ ಪೆಟ್ರೋಲಿಗೆ 10 ಶೇಕಡಾ ಎಥನಾಲ್, ಅಂದರೆ ಕಬ್ಬು, ಧಾನ್ಯದಿಂದ ತೆಗೆಯುವ ಮದ್ಯಸಾರ, ಬೆರೆಸುವ ಗುರಿ 2022ರಲ್ಲಿ ಮುಟ್ಟಿತು. 20 ಶೇಕಡಾದ ಗುರಿ 2030ಕ್ಕೆ ಇದ್ದದ್ದನ್ನು 2025ಕ್ಕೆ ಎಳೆದು ತಂದರು. 1999ರ ಕಾರಿನ ರಬ್ಬರನ್ನು ಇದಕ್ಕೆಂದು ಮಾಡಿದ್ದಲ್ಲ. ಎಥನಾಲು ಹಳೆಯ ರಬ್ಬರನ್ನು ಬಾತುಕೊಳ್ಳುವಂತೆ ಮಾಡುತ್ತದೆ, ಟ್ಯಾಂಕಿನ ತಳದ ಹಳೆಯ ಕೊಳೆಯನ್ನೂ ಕೆದಕಿ ತರುತ್ತದೆ. ನನ್ನ ಹೋಸನ್ನು ಕೆಡಿಸಿದ್ದು ಅದೇ ಎಂದು ಆಣೆ ಮಾಡಲಾರೆ, ಇಪ್ಪತ್ತಾರು ವರ್ಷವೂ ಕಡಿಮೆಯಲ್ಲ. ಆದರೆ ಬದಲಿಸುವಾಗ ಸಿಕ್ಕಿದ ಹೋಸ್ ಹಾಕಲಿಲ್ಲ. ಮಂಗಳೂರಿನ ಅಂಗಡಿಯಲ್ಲಿ ಎಥನಾಲ್ ತಡೆಯುವಂಥದ್ದೇ ಬೇಕು ಎಂದು ಕೇಳಿ, ಮೈಮೇಲೆ 30ಆರ್9 ಎಂದು ಅಚ್ಚಿರುವುದನ್ನು ತಂದೆ. ಸಾದಾ ಹೋಸಿಗಿಂತ ದುಬಾರಿ, ಆದರೆ ಬೇಕಾದ್ದು ಒಂದು ಮೀಟರಿನ ಆಸುಪಾಸು. ಟ್ಯಾಂಕಿನ ಹತ್ತಿರ, ಪಂಪಿನ ಹತ್ತಿರ, ವಾಪಸು ಹೋಗುವ ಪೈಪಿನದ್ದು, ಎಲ್ಲವನ್ನೂ ಒಟ್ಟಿಗೆ ಬದಲಿಸಿದೆ. ಹೊಸ ಕ್ಲಿಪ್ಪುಗಳನ್ನೂ ಹಾಕಿದೆ.

ಎಥನಾಲಿಗೆ ಇನ್ನೊಂದು ಗುಣ ಉಂಟು, ನೀರು ಹೀರುವುದು. ಆಟಿ ತಿಂಗಳ ಮಳೆಯಲ್ಲಿ ಅರ್ಧ ಟ್ಯಾಂಕಿನ ಕಾರನ್ನು ವಾರಗಟ್ಟಲೆ ಕೊಟ್ಟಿಗೆಯಲ್ಲಿ ನಿಲ್ಲಿಸಬಾರದು. ನೀರು ಜಾಸ್ತಿಯಾದರೆ ಎಥನಾಲನ್ನೂ ಕರೆದುಕೊಂಡು ತಳಕ್ಕೆ ಇಳಿಯುತ್ತದೆ, ಪೈಪು ಎಳೆಯುವುದೂ ತಳದಿಂದಲೇ ಅಲ್ವಾ. ಹಾಗಾಗಿ ಮಳೆಗಾಲದಲ್ಲಿ ವಾರಕ್ಕೊಮ್ಮೆ ಬದಿಯಡ್ಕಕ್ಕೋ ಉಪ್ಪಳಕ್ಕೋ ಒಂದು ಸುತ್ತು ಹೋಗಿ ಬರುತ್ತೇನೆ.

ನಿಲ್ಲಿಸಿದ ಕಾರು ಎಷ್ಟು ಕೆಡುತ್ತದೆ ಎಂದು ಗೊತ್ತಾದದ್ದು 2020ರಲ್ಲಿ. ಲಾಕ್‌ಡೌನ್ ಬಂತು, ಕರ್ನಾಟಕದ ಕಡೆಯ ದಾರಿಗಳೂ ಮುಚ್ಚಿದವು. ಕಾರು ತಿಂಗಳುಗಟ್ಟಲೆ ನಿಂತಲ್ಲೇ ನಿಂತಿತು. ಬ್ಯಾಟರಿ ಸತ್ತಿತು. ಇಲಿಗಳು ವಯರಿನ ಸಿಪ್ಪೆ ತಿಂದವು. ಹ್ಯಾಂಡ್‌ಬ್ರೇಕ್ ಎಳೆದಿಟ್ಟಿದ್ದೆ, ಹಿಂದಿನ ಡ್ರಮ್ಮಿಗೆ ಶೂ ತುಕ್ಕು ಹಿಡಿದು ಅಂಟಿಕೊಂಡಿತು. ಮರದ ಕೊಡತಿಯಲ್ಲಿ ಡ್ರಮ್ಮಿಗೆ ಸುತ್ತ ತಟ್ಟಿ, ಮೆಲ್ಲ ಹಿಂದೆ ಮುಂದೆ ಮಾಡಿ ಬಿಡಿಸಬೇಕಾಯಿತು. ಈಗ ಮಳೆಗಾಲದಲ್ಲಿ ಹ್ಯಾಂಡ್‌ಬ್ರೇಕ್ ಎಳೆಯುವುದಿಲ್ಲ. ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಮುರಕಲ್ಲಿನ ತುಂಡು ಕೊಡುತ್ತೇನೆ. ಇಲಿಗೆ ನುಸಿಗುಳಿಗೆ, ಹೊಗೆಸೊಪ್ಪು ಎಲ್ಲ ಇಟ್ಟು ನೋಡಿದೆ, ಏನೂ ಪ್ರಯೋಜನ ಇಲ್ಲ. ಕೊಟ್ಟಿಗೆಯಿಂದ ಅಡಕೆ ಗೋಣಿ, ಬೈಹುಲ್ಲು ತೆಗೆದು ಬೇರೆ ಕಡೆ ಹಾಕಿದ ಮೇಲೆ ತಾವಾಗಿಯೇ ಕಡಿಮೆಯಾದವು.

ರೇಡಿಯೇಟರಿಗೆ ಅಪ್ಪ ಬಾವಿ ನೀರು ಹಾಕುತ್ತಿದ್ದರು. ನಾನು ಬಿಚ್ಚಿದಾಗ ಬಂದದ್ದು ಗೇರುಹಣ್ಣಿನ ಬಣ್ಣದ ತುಕ್ಕುನೀರು. ಈಗ ಕೂಲಂಟ್ ಮಾತ್ರ. ಒಮ್ಮೆ ಫ್ಯಾನ್ ತಿರುಗದೆ ಮುಳ್ಳು ಕೆಂಪಿಗೆ ಹೋಗಿತ್ತು. ಶಾಖಕ್ಕೆ ಫ್ಯಾನ್ ಚಾಲೂ ಮಾಡುವ ಸ್ವಿಚ್ಚಿನ ಎರಡು ವಯರು ಕಳಚಿ ಒಂದಕ್ಕೊಂದು ತಾಗಿಸಿದೆ, ಫ್ಯಾನ್ ತಿರುಗಿತು. ಮೋಟಾರು ಸರಿ, ಸ್ವಿಚ್ಚು ಹೋಗಿದೆ ಎಂದು ಅಲ್ಲೇ ಗೊತ್ತಾಯಿತು. ಬ್ಯಾಟರಿಗೂ ಹೀಗೇ ಒಂದು ಸಣ್ಣ ಪರೀಕ್ಷೆ ಇದೆ. ಎಂಜಿನ್ ಆಫ್ ಇರುವಾಗ ಮೀಟರು ಸುಮಾರು 12.6 ವೋಲ್ಟ್, ಓಡುವಾಗ 13.8ರಿಂದ 14.4ರ ಒಳಗೆ ತೋರಿಸಬೇಕು. ಓಡುವಾಗಲೂ ಏರದಿದ್ದರೆ ಹೊಸ ಬ್ಯಾಟರಿಗೆ ದುಡ್ಡು ಹಾಕುವ ಮೊದಲು ಅದನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್, ಅದರ ಬೆಲ್ಟು ನೋಡಬೇಕು.

ಸಾಮಾನು ಸಿಗುತ್ತದೆಯೇ ಎಂದು ತುಂಬ ಜನ ಕೇಳುತ್ತಾರೆ. 800 ನಿಂತದ್ದು 2014ರಲ್ಲಿ, ಓಮ್ನಿ ನಿಂತದ್ದು 2019ರಲ್ಲಿ. ಎರಡಕ್ಕೂ ಎಂಜಿನ್ ಒಂದೇ ಮನೆತನದ್ದು. ಅಂಗಡಿಯಲ್ಲಿ 800ರದ್ದು ಇಲ್ಲ ಎಂದರೆ ಓಮ್ನಿಯದ್ದು ಕೇಳುತ್ತೇನೆ, ಎಂಜಿನ್ನಿನ ಹಲವು ಸಾಮಾನು ಕೂರುತ್ತದೆ. ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಬೇಕು, ಫೋನಿನಲ್ಲಿ ಹೇಳಿ ತರಿಸಿದ್ದು ಎರಡು ಸಲ ತಪ್ಪಾಗಿ ಬಂದಿದೆ.

ಕಾರಿನ ನೋಂದಣಿ ಪತ್ರ, ಅಂದರೆ ಆರ್‌ಸಿಯನ್ನು 15 ವರ್ಷಕ್ಕೆ ಒಮ್ಮೆ, ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. 2024ರಲ್ಲಿ ಮೂರನೆಯ ಸಲ ಆಯಿತು. 5000 ರೂಪಾಯಿ ಶುಲ್ಕ, ಅದರ ಮೇಲೆ ಹಳೆಯ ವಾಹನಗಳಿಗೆ ಹಾಕುವ ಕೇರಳದ ಹಸಿರು ತೆರಿಗೆ. 2025ರ ಆಗಸ್ಟಿನಲ್ಲಿ 20 ವರ್ಷ ದಾಟಿದ ಕಾರುಗಳಿಗೆ ಶುಲ್ಕ 10,000 ಎಂದು ಕೇಂದ್ರ ಹೊಸ ನಿಯಮ ತಂದಿತು. 2029ರಲ್ಲಿ ಅಷ್ಟು ಕೊಡುತ್ತೇನೋ ಇಲ್ಲವೋ, ಮನೆಯಲ್ಲಿ ಈಗಲೇ ಚರ್ಚೆ ಶುರುವಾಗಿದೆ. ಅಮ್ಮ ನನ್ನ ಕಡೆ.

ಹೋಸ್ ಬದಲಿಸಿದ ಮೇಲೆ ಪೆರ್ಮುದೆ ಚಡಾವಿನಲ್ಲಿ ಕಾರು ನಿಂತಿಲ್ಲ. ಸೀಳಿದ ಹಳೆಯ ಹೋಸನ್ನು ಎರಡನೆಯ ಮೆಕ್ಯಾನಿಕ್ ಕೇಳಿ ತೆಗೆದುಕೊಂಡರು, ಅವರ ಹುಡುಗರಿಗೆ ತೋರಿಸಲಿಕ್ಕೆ. ಅಪ್ಪನ ಪುಸ್ತಕದಲ್ಲಿ ಆ ದಿನದ ಲೆಕ್ಕ ನಾನೇ ಬರೆದೆ: ಹೋಸ್, ಕ್ಲಿಪ್ಪು, ಮೀಟರ್ ರೀಡಿಂಗ್. ಅದರ ಕೆಳಗೆ ಇನ್ನೊಂದು ಸಾಲೂ ಇದೆ. ಎಡಗಡೆ ಮುಂದಿನ ಚಕ್ರ, ಗುಂಡಿಗೆ ಇಳಿದಾಗ ಕಟ್ ಎಂಬ ಸದ್ದು, ನೋಡಬೇಕು.