ಟ್ರಾನ್ಸ್‌ಫಾರ್ಮರಿನೊಳಗಿನ ಕಿಡಿ ಎಲ್ಲಿದೆ? ಹುಡುಕುವುದು ಹೀಗೆ

ಸಬ್‌ಸ್ಟೇಷನ್ನಿನ ದೊಡ್ಡ ಟ್ರಾನ್ಸ್‌ಫಾರ್ಮರ್ ಒಂದೇ ದಿನದಲ್ಲಿ ಕೆಡುವುದು ಅಪರೂಪ. ಸುರುಳಿಗೆ ಸುತ್ತಿದ ಕಾಗದದಲ್ಲೋ ಎಣ್ಣೆಯಲ್ಲೋ ಗಾಳಿಗುಳ್ಳೆಯೊಂದು ಉಳಿದರೂ ಸಾಕು, ಅಲ್ಲಿ ಪುಟ್ಟ ಕಿಡಿಗಳು ಹಾರುತ್ತಾ ನಿರೋಧಕವನ್ನು ಸವೆಸತೊಡಗುತ್ತವೆ. ಎಂಜಿನಿಯರುಗಳು ಇದನ್ನು ಪಾರ್ಷಿಯಲ್ ಡಿಸ್ಚಾರ್ಜ್, ಚಿಕ್ಕದಾಗಿ ‘ಪಿಡಿ’ ಎನ್ನುತ್ತಾರೆ.

ಮೊದಲು ಎಣ್ಣೆಯ ಮಾದರಿ ತೆಗೆದು, ಅದರಲ್ಲಿ ಕರಗಿರುವ ಅನಿಲಗಳನ್ನು ಪರೀಕ್ಷಿಸಿ. ಹೈಡ್ರೋಜನ್ ಏರುತ್ತಿದ್ದರೆ ಪಿಡಿಯ ಅನುಮಾನ. ಅಸಿಟಿಲೀನ್ ಕಂಡರೆ ಇನ್ನೂ ಬಲವಾದ ಆರ್ಕ್. ಹಳೆಯ ವರದಿಗಳನ್ನು ಪಕ್ಕದಲ್ಲಿಟ್ಟುಕೊಳ್ಳದೆ ತೀರ್ಮಾನಕ್ಕೆ ಬರಬೇಡಿ. ದೋಷದ ಜಾಗವನ್ನು ಮಾತ್ರ ಈ ಪರೀಕ್ಷೆ ಹೇಳಲಾರದು.

ಮುಂದೆ, ಎಣ್ಣೆ ಇಳಿಸುವ ವಾಲ್ವ್ ಮೂಲಕ ಯುಎಚ್‌ಎಫ್ ಸೆನ್ಸರ್, ಅಂದರೆ ಕಿಡಿ ಹೊಮ್ಮಿಸುವ ಅತಿ ಹೆಚ್ಚು ಆವರ್ತನದ ರೇಡಿಯೋ ಅಲೆ ಹಿಡಿಯುವ ಸಾಧನ, ತೂರಿಸಿ. ಇದು 300 ಮೆಗಾಹರ್ಟ್ಸ್‌ನಿಂದ 3 ಗಿಗಾಹರ್ಟ್ಸ್‌ವರೆಗಿನ ಅಲೆಗಳನ್ನು ಹಿಡಿಯುತ್ತದೆ. ಉಕ್ಕಿನ ಟ್ಯಾಂಕ್ ಹೊರಗಿನ ಕೊರೋನಾದ (ತಂತಿಗಳ ಸುತ್ತ ಗಾಳಿಯಲ್ಲಾಗುವ ವಿದ್ಯುತ್ ಸೋರಿಕೆ) ಗದ್ದಲವನ್ನು ಬಹುಪಾಲು ತಡೆಯುವುದರಿಂದ, ಇಲ್ಲಿ ಸಿಕ್ಕ ಸಂಕೇತಕ್ಕೆ ಬೆಲೆ ಹೆಚ್ಚು.

ನಂತರ ಟ್ಯಾಂಕಿನ ಹೊರಗೋಡೆಗೆ ಕನಿಷ್ಠ ಮೂರು ಶಬ್ದ ಸೆನ್ಸರ್‌ಗಳನ್ನು ಅಯಸ್ಕಾಂತದಿಂದ ಅಂಟಿಸಿ. ಎದ್ದ ಬಣ್ಣವನ್ನು ಉಜ್ಜಿ ತೆಗೆದು, ನಡುವೆ ತೆಳ್ಳಗೆ ಗ್ರೀಸ್ ಸವರಿ; ಗಾಳಿ ಉಳಿದರೆ ಶಬ್ದ ದಾಟುವುದಿಲ್ಲ. 150 ಕಿಲೋಹರ್ಟ್ಸ್ ಆಸುಪಾಸಿನವು ಒಳ್ಳೆಯವು, ಕೋರ್‌ನ (ಸುರುಳಿಗಳ ನಡುವಿನ ಉಕ್ಕಿನ ತಿರುಳು) ಗುಂಯ್‌ಗುಡುವಿಕೆ ಅಷ್ಟು ಮೇಲಕ್ಕೆ ಬರುವುದಿಲ್ಲ. ಬುಷಿಂಗ್‌ಗಳಿಂದ (ಹೈವೋಲ್ಟೇಜ್ ತಂತಿ ಟ್ಯಾಂಕಿನೊಳಗೆ ಹೋಗುವ ನಿರೋಧಕ ಕಂಬಗಳು) ಸುರಕ್ಷಿತ ಅಂತರ ಕಾಯ್ದುಕೊಳ್ಳುವುದು ಕಡ್ಡಾಯ.

ಇನ್ನು ಲೆಕ್ಕ. ರೇಡಿಯೋ ಅಲೆ ಶಬ್ದಕ್ಕಿಂತ ಎಷ್ಟೋ ಬೇಗ ತಲುಪುವುದರಿಂದ, ಯುಎಚ್‌ಎಫ್ ಸಂಕೇತ ಬಂದ ಗಳಿಗೆಯನ್ನು ಸೊನ್ನೆ ಎಂದುಕೊಳ್ಳಿ. ಶಬ್ದ ಒಂದು ಮಿಲಿಸೆಕೆಂಡ್ ತಡವಾಗಿ ಬಂದರೆ, 20 ಡಿಗ್ರಿಯ ಎಣ್ಣೆಯಲ್ಲಿ ಕಿಡಿ ಸುಮಾರು 1.4 ಮೀಟರ್ ದೂರದಲ್ಲಿದೆ. ಎಣ್ಣೆ 80 ಡಿಗ್ರಿಗೆ ಕಾದಿದ್ದರೆ ಅದೇ ತಡ ಸುಮಾರು 1.2 ಮೀಟರ್ ಆಗುತ್ತದೆ. ಹಾಗಾಗಿ ತಾಪಮಾಪಕ ನೋಡದೆ ಲೆಕ್ಕಕ್ಕೆ ಕೂರಬೇಡಿ. ಪ್ರತಿ ಸೆನ್ಸರ್ ಸುತ್ತ ಆಯಾ ದೂರದ ಗೋಳ ಎಳೆದರೆ, ಮೂರೂ ಸೇರುವ ಬಿಂದುವೇ ದೋಷದ ಜಾಗ.

ಹೆಚ್ಚಿನವರು ಎಡವುವುದು ಇಲ್ಲಿಯೇ. ಉಕ್ಕಿನಲ್ಲಿ ಶಬ್ದ ಎಣ್ಣೆಯಲ್ಲಿಗಿಂತ ಎರಡು ಪಟ್ಟಿಗೂ ಹೆಚ್ಚು ವೇಗವಾಗಿ ಓಡುತ್ತದೆ. ಗೋಡೆಗುಂಟ ಬಂದ ಕ್ಷೀಣ ಅಲೆ ಮೊದಲು ತಲುಪಿ, ಕಿಡಿ ಹತ್ತಿರವಿದೆಯೆಂದು ನಂಬಿಸುತ್ತದೆ. ಸೆನ್ಸರನ್ನು ಕೈಯಳತೆಯಷ್ಟು ಸರಿಸುತ್ತಾ, ತಡ ಅತಿ ಕಡಿಮೆಯಾಗುವ ತಾಣಕ್ಕೆ ತನ್ನಿ. ಅಲ್ಲಿ ಎಣ್ಣೆಯ ಅಲೆಯೇ ಮುಂದಿರುತ್ತದೆ. ಸಿಕ್ಕ ಬಿಂದುವನ್ನು ತಯಾರಕರ ನಕ್ಷೆಯ ಮೇಲೆ ಗುರುತಿಸಿದರೆ, ಅದು ಟ್ಯಾಪ್ ಚೇಂಜರ್ (ವೋಲ್ಟೇಜ್ ಹೊಂದಿಸುವ ಸ್ವಿಚ್) ಬಳಿಯೋ ಸುರುಳಿಯ ತುದಿಯೋ ತಿಳಿಯುತ್ತದೆ.

ಕಿಡಿ ಸುರುಳಿಯ ಆಳದಲ್ಲಿದ್ದರೆ ಶಬ್ದವನ್ನು ಪ್ರೆಸ್‌ಬೋರ್ಡ್, ಅಂದರೆ ನಿರೋಧಕವಾಗಿ ಬಳಸುವ ದಪ್ಪ ರಟ್ಟು, ನುಂಗಿಬಿಡುತ್ತದೆ. ಆಗ ಹಲವು ಯುಎಚ್‌ಎಫ್ ಸೆನ್ಸರ್‌ಗಳ ಸಮಯ ವ್ಯತ್ಯಾಸವೇ ಗತಿ. ಎಣ್ಣೆಯಲ್ಲಿ ಆ ಅಲೆ ಒಂದು ನ್ಯಾನೋಸೆಕೆಂಡಿಗೆ ಸುಮಾರು 20 ಸೆಂಟಿಮೀಟರ್ ಓಡುವುದರಿಂದ, ಅದಕ್ಕೆ ತಕ್ಕ ಚುರುಕಿನ ಆಸಿಲೋಸ್ಕೋಪ್ (ಸಂಕೇತಗಳನ್ನು ಪರದೆಯ ಮೇಲೆ ತೋರಿಸುವ ಉಪಕರಣ) ಬೇಕಾಗುತ್ತದೆ.