ಸಮುದ್ರದ ಭರ್ತಿ ನೋಡಿಕೊಂಡು ಪಾಠ: ಕಾರವಾರದ ಕೋಡಿಬಾಗದ ನಮ್ಮ ಮನೆಯ ಅನುಭವ

ಮಕ್ಕಳನ್ನು ಶಾಲೆ ಬಿಡಿಸಿ ಮನೆಯಲ್ಲೇ ಕಲಿಸುತ್ತಿದ್ದೇವೆ. ಆ ಬಗ್ಗೆ ಆರು ವರ್ಷ ಯಾರು ಏನು ಕೇಳಿದರೂ ‘ನೋಡೋಣ’ ಎಂದಷ್ಟೇ ಹೇಳಿ ಸುಮ್ಮನಿದ್ದೆ. ಈಗ ಮಗ ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ಹತ್ತನೇ ತರಗತಿ ಮುಗಿಸಿ ಪಿಯುಸಿ ಸೈನ್ಸ್‌ಗೆ ಸೇರಿದ್ದಾನೆ. ಆದ್ದರಿಂದ ಈಗ ಬರೆಯುತ್ತಿದ್ದೇನೆ. ಇದು ಮನೆಯಲ್ಲೇ ಮಕ್ಕಳಿಗೆ ಕಲಿಸುತ್ತಿರುವ ನಮ್ಮಂಥವರಿಗೆ. ಟಿಎಂಎ (ಮನೆಯಲ್ಲಿ ಬರೆದು ಕೊಡುವ ಅಸೈನ್‌ಮೆಂಟ್) ಅಂದರೇನು, ಫಾರ್ಮ್ ಎಲ್ಲಿ ತುಂಬಬೇಕು ಎನ್ನುವುದೆಲ್ಲ ನಿಮಗೆ ಗೊತ್ತೇ ಇದೆ.

2018ರಲ್ಲಿ ಮಗನನ್ನು ಮೂರನೇ ತರಗತಿಯಿಂದ ಬಿಡಿಸಿದೆವು. ಮಗಳಿಗೆ ಆಗ ಐದು ವರ್ಷ. ನಮ್ಮ ಮನೆಯವರಿಗೆ ಬೈತಖೋಲ ಬಂದರಿನಲ್ಲಿ ಬೋಟ್ ಇಂಜಿನ್ ರಿಪೇರಿ ಕೆಲಸ. ಮಕ್ಕಳು ದೇವರ ಭಯದಲ್ಲಿ, ನಮ್ಮ ಕಣ್ಣೆದುರು ಬೆಳೆಯಲಿ ಎನ್ನುವುದು ಇಬ್ಬರ ಆಸೆ. ಮನೆಯಲ್ಲಿ ಯಾರಿಗೂ ಒಪ್ಪಿಗೆ ಇರಲಿಲ್ಲ. ಬಾವ ‘ಇವನು ಕೊನೆಗೆ ಬಲೆ ಎಳೆಯೋಕೆ ಹೋಗ್ತಾನೆ’ ಎಂದರು. ಇಗರ್ಜಿಯಲ್ಲಿ (ಚರ್ಚ್) ಒಬ್ಬರು 2009ರ ಶಿಕ್ಷಣ ಹಕ್ಕು ಕಾಯಿದೆ ಹೇಳಿ ಹೆದರಿಸಿದರು. ಆ ರಾತ್ರಿ ತೇರ್ಸ್ (ಜಪಮಾಲೆ ಪ್ರಾರ್ಥನೆ) ಹೇಳುವಾಗ ನನ್ನ ಧ್ವನಿಯೇ ಹೊರಡಲಿಲ್ಲ.

ಮೊದಲ ತಪ್ಪು ದುಡ್ಡಿನದು. ಅಮೆರಿಕದ ಕ್ರಿಶ್ಚಿಯನ್ ಹೋಮ್‌ಸ್ಕೂಲ್ ಪುಸ್ತಕಗಳ ಒಂದು ಸೆಟ್ ತರಿಸಿದೆವು. ಕೊರಿಯರ್, ಕಸ್ಟಮ್ಸ್ ಎಲ್ಲ ಸೇರಿ 42 ಸಾವಿರದ ಹತ್ತಿರ ಆಯಿತು. ನನ್ನ ಒಂದು ಬಳೆ ಅದಕ್ಕೇ ಹೋಯಿತು. ಪುಸ್ತಕ ಕೆಟ್ಟದ್ದಲ್ಲ. ಪುಟಪುಟಕ್ಕೂ ಬೈಬಲ್ ವಾಕ್ಯ ಇತ್ತು, ಚಿತ್ರ ಚಂದ ಇತ್ತು. ಆದರೆ ಲೆಕ್ಕವೆಲ್ಲ ಡೈಮ್, ಕ್ವಾರ್ಟರ್, ಔನ್ಸ್. ಋತುಗಳ ಪಾಠದಲ್ಲಿ ಹಿಮ. ಮಳೆಗಾಲ ಅನ್ನುವುದೇ ಇಲ್ಲ! ಮಗಳು ‘ನಮ್ಮಲ್ಲಿ ಹಿಮ ಯಾವ ತಿಂಗಳು ಬೀಳುತ್ತೆ’ ಎಂದು ಕೇಳಿದಳು. ಎಂಟು ತಿಂಗಳ ನಂತರ ಗೋವಾದ ಒಂದು ಕುಟುಂಬಕ್ಕೆ 11 ಸಾವಿರಕ್ಕೆ ಕೊಟ್ಟೆವು.

ಎರಡನೇ ತಪ್ಪು ಗಂಟೆಯದು. ನಾನು ಮನೆಯನ್ನೇ ಶಾಲೆ ಮಾಡಲು ಹೋದೆ. ಒಂಬತ್ತಕ್ಕೆ ಗಣಿತ, ಹತ್ತಕ್ಕೆ ಇಂಗ್ಲಿಷ್. ಒಂಬತ್ತಕ್ಕೇ ಮೀನಿನವಳು ಬರುತ್ತಾಳೆ, ಒಂಬತ್ತಕ್ಕೇ ನಲ್ಲಿ ನೀರು ಬರುತ್ತದೆ. ದಿನಾ ಜಗಳ. ಆಮೇಲೆ ತಿಂಗಳಿಗೆ 1,500 ಕೊಟ್ಟು ಟ್ಯೂಷನ್‌ಗೆ ಹಾಕಿದೆವು. ಎಂಟು ತಿಂಗಳು, 12 ಸಾವಿರ. ಮಗ ಮಗ್ಗಿ ಬಾಯಿಪಾಠ ಮಾಡಿದ, ಉಳಿದದ್ದು ಏನೂ ಬರಲಿಲ್ಲ.

ದಾರಿ ತೋರಿಸಿದವರು ನಮ್ಮ ಅತ್ತೆ. ಸುಕ್ತಿಯಾದಾಗ, ಅಂದರೆ ನೀರು ಇಳಿದಾಗ, ಅವರು ಕಾಳಿ ನದಿಯ ಅಂಚಿಗೆ ತಿಸ್ರೆ (ಚಿಪ್ಪುಮೀನು) ಹೆಕ್ಕಲು ಹೋಗುತ್ತಾರೆ. ಮಕ್ಕಳು ಪುಸ್ತಕ ಬಿಟ್ಟು ಹಿಂದೆಯೇ ಓಡುತ್ತಿದ್ದರು. ನಾನು ಬಯ್ಯುತ್ತಿದ್ದೆ. ಒಂದು ದಿನ ಮಗ ‘ನಾಳೆ ಸುಕ್ತಿ ಇವತ್ತಿಗಿಂತ 50 ನಿಮಿಷ ತಡ’ ಎಂದು ಅಜ್ಜಿಗೆ ಹೇಳುತ್ತಿದ್ದ. ವಾರವಿಡೀ ತಾನೇ ನೋಡಿ ಹಿಡಿದಿದ್ದ. ನಾನು ಎರಡು ವಾರ ಗಂಟೆ-ನಿಮಿಷದ ಕೂಡುವ ಲೆಕ್ಕ ಕಲಿಸಿ ಸೋತಿದ್ದೆ. ಇವನು ಕೆಸರಲ್ಲಿ ನಿಂತು ಅದನ್ನೇ ಮಾಡುತ್ತಿದ್ದ.

ಆ ದಿನ ಗೋಡೆಯ ಟೈಮ್‌ಟೇಬಲ್ ಕಿತ್ತೆ. ಬದಲಿಗೆ ಒಂದು ನೋಟ್‌ಬುಕ್ ಇಟ್ಟೆವು. ಒಂದು ಕಡೆ ಭರ್ತಿ (ನೀರು ಏರುವುದು), ಸುಕ್ತಿಯ ಹೊತ್ತು, ಇನ್ನೊಂದು ಕಡೆ ಆ ದಿನದ ಪಾಠ. ಸುಕ್ತಿ ಬೆಳಗ್ಗೆ ಬಂದರೆ ಪುಸ್ತಕದ ಕೆಲಸ ಮಧ್ಯಾಹ್ನ. ಮಧ್ಯಾಹ್ನ ಬಂದರೆ ಬೆಳಗ್ಗೆಯೇ ಮುಗಿಸಬೇಕು. ದಿನಕ್ಕೆ ಮೂರು ಗಂಟೆ ಪುಸ್ತಕ, ಅದಕ್ಕಿಂತ ಜಾಸ್ತಿ ಇಲ್ಲ. ಬದಲಾಗದ್ದು ಎರಡೇ: ಬೆಳಗಿನ ಬೈಬಲ್, ರಾತ್ರಿಯ ತೇರ್ಸ್.

ಬೆಳಗಿನ ಬೈಬಲ್‌ನಲ್ಲೇ ನಮ್ಮ ಕನ್ನಡ ಪಾಠ. ಮನೆಮಾತು ಕೊಂಕಣಿ, ಪರೀಕ್ಷೆ ಇಂಗ್ಲಿಷ್, ಕನ್ನಡ ನಡುವೆ ಸೊರಗುತ್ತಿತ್ತು. ಜ್ಞಾನೋಕ್ತಿಯಲ್ಲಿ 31 ಅಧ್ಯಾಯ. ತಾರೀಕು ಎಷ್ಟೋ ಅಷ್ಟನೇ ಅಧ್ಯಾಯ. ಒಬ್ಬರು ಗಟ್ಟಿಯಾಗಿ ಓದಬೇಕು, ಆಮೇಲೆ ಐದು ಸಾಲು ಉಕ್ತಲೇಖನ. ಖರ್ಚು ಸೊನ್ನೆ. ಆರನೇ ತಾರೀಕಿಗೆ ಇರುವೆಯ ಮಾತು ಬರುತ್ತದೆ. ಮಗಳು ಬೆಲ್ಲದ ಚೂರು ಇಟ್ಟು ನಾಲ್ಕು ದಿನ ಇರುವೆ ಸಾಲು ನೋಡುತ್ತಾ ಕೂತಳು. ಸಾಲಿನ ಮೇಲೆ ಬೆರಳು ಉಜ್ಜಿದರೆ ಅವು ದಾರಿ ತಪ್ಪಿ ಸುತ್ತುತ್ತವೆ ಎಂದು ಅವಳೇ ಕಂಡುಕೊಂಡಳು. ಇರುವೆ ವಾಸನೆ ಹಿಡಿದು ನಡೆಯುತ್ತದೆ ಎಂದು ಆಗ ಹೇಳಿದೆ. ಮೊದಲೇ ಹೇಳಿದ್ದರೆ ಅವಳು ಕೂರುತ್ತಲೇ ಇರಲಿಲ್ಲ.

ವ್ಯಾಕರಣ ಮತ್ತು ಹಳೆಯ ಪದ್ಯ ನನ್ನಿಂದ ಆಗಲಿಲ್ಲ. ಪಕ್ಕದ ಮನೆಯಲ್ಲಿ ನಿವೃತ್ತ ಅಕ್ಕೋರು (ಶಿಕ್ಷಕಿ) ಇದ್ದರು. ಮೊದಮೊದಲು ‘ಶಾಲೆಗೆ ಕಳಿಸೇ ತಂಗಿ, ಮಕ್ಕಳ ಬಾಳು ಹಾಳಾಗ್ತದೆ’ ಎಂದವರು ಅವರೇ. ಮಗ ಬೈಬಲ್ ಓದುವುದನ್ನು ಕಿಟಕಿಯಿಂದ ಕೇಳಿ, ಉಚ್ಚಾರ ತಿದ್ದಲು ತಾವೇ ಬಂದರು. ದುಡ್ಡು ಮುಟ್ಟಲಿಲ್ಲ. ವಾರಕ್ಕೆ ಎರಡು ಸಲ ಬಿಡಿಸಿದ ತಿಸ್ರೆ, ಕ್ರಿಸ್ಮಸ್‌ಗೆ ಕುಸ್ವಾರ್ (ಹಬ್ಬದ ತಿಂಡಿಗಳು). ಕನ್ನಡದಲ್ಲಿ ಮಗನಿಗೆ 74 ಬಂತು. ಅದರಲ್ಲಿ ಅರ್ಧ ಅವರದ್ದು.

ವಿಜ್ಞಾನದಲ್ಲಿ ನನಗೆ ಹೆಮ್ಮೆ ಇರುವುದು ಉಪ್ಪಿನ ಕೆಲಸದ ಬಗ್ಗೆ. ಮೇ ತಿಂಗಳಲ್ಲಿ ಬಿಣಗಾದ ಸಮುದ್ರದ ನೀರು ಒಂದು ಲೀಟರ್ ತಂದು, ಬಟ್ಟೆಯಲ್ಲಿ ಸೋಸಿ ಕುದಿಸಿದೆವು. ಗ್ಯಾಸ್ ಸುಮ್ನೆ ಹಾಳು. ಮುಂದಿನ ಸಲ ಅಗಲ ಸ್ಟೀಲ್ ತಟ್ಟೆಗಳಲ್ಲಿ ಹಾಕಿ ತಾರಸಿಯ ಮೇಲೆ ಇಟ್ಟೆವು. ನಾಲ್ಕು ದಿನ ಬೇಕಾಯಿತು. 450 ರೂಪಾಯಿಯ ಅಡುಗೆ ತಕ್ಕಡಿಯಲ್ಲಿ 33-34 ಗ್ರಾಂ ಬಂತು. ಪುಸ್ತಕದಲ್ಲಿ 35 ಅಂತ ಇದೆ. ಮಗ ಕುಣಿದಾಡಿದ. ಆಗಸ್ಟ್‌ನಲ್ಲಿ ಕೋಡಿಬಾಗದ ಅಳಿವೆಯ ನೀರು ತಂದರೆ ನಾಲ್ಕೈದು ಗ್ರಾಂ ಅಷ್ಟೇ. ಮಳೆಗೆ ಕಾಳಿ ತುಂಬಿ ಹರಿಯುತ್ತಿತ್ತು. ನದಿ ಸಮುದ್ರವನ್ನು ಎಷ್ಟು ತಳ್ಳುತ್ತದೆ ಎನ್ನುವುದು ತಕ್ಕಡಿಯಲ್ಲೇ ಕಂಡಿತು.

ಆದರೆ ನಮ್ಮ ಉಪ್ಪು ಕಹಿ. ಯಾಕೆ ಅಂತ ತಿಳಿಯಲಿಲ್ಲ. ಗೋಕರ್ಣದ ಹತ್ತಿರ ಸಾಣಿಕಟ್ಟಾ ಉಪ್ಪಿನಾಗರಕ್ಕೆ ಕರೆದುಕೊಂಡು ಹೋದೆವು. ನಾಲ್ವರಿಗೆ ಬಸ್ಸು, ಊಟ ಸೇರಿ 900 ಆಗಿರಬೇಕು. ಅಲ್ಲಿ ಕೆಲಸ ಮಾಡುವವರು ನಮ್ಮ ಪುಡಿ ನಾಲಿಗೆಗೆ ಇಟ್ಟು ನೋಡಿ, ‘ನೀರು ಪೂರ್ತಿ ಒಣಗಿಸಿದ್ರಾ? ಉಪ್ಪು ಕೂತ ಮೇಲೆ ಉಳಿದ ನೀರು ಚೆಲ್ಲಬೇಕು’ ಎಂದರು. ಕಹಿ ಇರುವುದು ಆ ಕೊನೆಯ ನೀರಲ್ಲಿ, ಅದರಲ್ಲಿ ಮೆಗ್ನೀಷಿಯಂ. ಮನೆಗೆ ಬಂದು ಹಾಗೇ ಮಾಡಿದೆವು. ಗ್ರಾಂ ಕಡಿಮೆ ಬಂತು, ಉಪ್ಪು ಚೆನ್ನಾಗಿ ಬಂತು. ಆ ಈಸ್ಟರ್ ನಂತರದ ಮಾವಿನ ಉಪ್ಪಿನಕಾಯಿಗೆ ನಮ್ಮದೇ ಉಪ್ಪು ಸ್ವಲ್ಪ ಹಾಕಿದೆ.

ವ್ಯಾಪಾರದ ಲೆಕ್ಕ ಕಲಿತದ್ದು ಕುಸ್ವಾರ್‌ನಿಂದ. ನೆವ್ರಿ, ಕಿಡ್ಯೊ, ದೊದೊಲ್ ಮಾಡಿ ಡಬ್ಬಿಗೆ 200ರಂತೆ ಮಾರಿದೆವು. ಮೊದಲ ವರ್ಷ ಗ್ಯಾಸು, ಎಣ್ಣೆ ಲೆಕ್ಕಕ್ಕೆ ಹಿಡಿಯಲಿಲ್ಲ, ಕೈಯಿಂದಲೇ ಹೋಯಿತು. ಮಗ ಒಂದೊಂದನ್ನೂ ಬರೆದು ದರ 250 ಮಾಡಿದ. ಮುಂದಿನ ಡಿಸೆಂಬರ್‌ನಲ್ಲಿ 40 ಡಬ್ಬಿ ಹೋದವು. ಖರ್ಚು 6,200 ಸುಮಾರು, ಉಳಿದದ್ದು 3,800. ಅದರಲ್ಲಿ ಹತ್ತನೇ ಒಂದು ಪಾಲು ಇಗರ್ಜಿಯ ಕಾಣಿಕೆ ಡಬ್ಬಿಗೆ. ಅದನ್ನು ಎಣಿಸಿದ್ದು ಮಗಳು. ಶೇಕಡಾ ಲೆಕ್ಕ ಅವಳಿಗೆ ಆಗಲೇ ಬಂತು.

ಪರೀಕ್ಷೆಯ ವಿಷಯಕ್ಕೆ ಬರುತ್ತೇನೆ. ಕನ್ನಡ, ಇಂಗ್ಲಿಷ್, ಗಣಿತ, ವಿಜ್ಞಾನ, ಗೃಹವಿಜ್ಞಾನ ತೆಗೆದುಕೊಂಡೆವು. ಕೇಂದ್ರ ಹುಬ್ಬಳ್ಳಿಯಲ್ಲಿ ಸಿಕ್ಕಿತು. 2024ರ ಏಪ್ರಿಲ್-ಮೇ. ಪೇಪರ್ ಮಧ್ಯಾಹ್ನ ಎರಡೂವರೆಗೆ, ಬೆಳಗ್ಗೆ ಆರಕ್ಕೆ ಬಸ್ಸು ಹತ್ತಿದರೆ ಸಾಕು ಎಂದುಕೊಂಡೆವು. ಲಾಡ್ಜ್ ದುಡ್ಡು ಉಳಿಸುವ ಆಸೆ. ಗಣಿತದ ದಿನ ಅರಬೈಲ್ ಘಟ್ಟದಲ್ಲಿ ಹುಡುಗ ಮೂರು ಸಲ ವಾಂತಿ ಮಾಡಿದ. ಹೊಟ್ಟೆಯಲ್ಲಿ ಏನೂ ನಿಲ್ಲಲಿಲ್ಲ. ಬಂದದ್ದು 27. ಪಾಸಿಗೆ 33 ಬೇಕು. ಉಳಿದ ನಾಲ್ಕು ಪಾಸ್, ಗೃಹವಿಜ್ಞಾನದಲ್ಲಿ 80ರ ಮೇಲೆ. ಆದರೂ ಊರಿಗೆಲ್ಲ ಕೇಳಿಸಿದ್ದು ‘ಫೇಲ್’ ಒಂದೇ.

ಐದು ವರ್ಷದಲ್ಲಿ ಒಂಬತ್ತು ಅವಕಾಶ ಇದೆ ಎಂದು ಅವನಿಗೆ ಹೇಳುತ್ತಲೇ ಇದ್ದೆ. ಅಕ್ಟೋಬರ್‌ಗೆ ಮತ್ತೆ ಗಣಿತ ಕಟ್ಟಿದೆವು. ಅಷ್ಟರಲ್ಲಿ ಆಗಸ್ಟ್ 7ರ ನಡುರಾತ್ರಿ ಕಾಳಿಯ ಹಳೆ ಸೇತುವೆ ಕುಸಿಯಿತು. ನೀರಿಗೆ ಬಿದ್ದ ಲಾರಿಯ ಚಾಲಕ ಬದುಕಿದರು. ಮರುದಿನ ರಾತ್ರಿ ತೇರ್ಸ್ ಅವರಿಗಾಗಿಯೇ ಹೇಳಿದೆವು. ಆಮೇಲೆ ಎರಡು ವಾರ ಮಗನಿಗೆ ಸೇತುವೆ ಬಿಟ್ಟು ಬೇರೆ ಮಾತಿಲ್ಲ. ಹಿಡಿಕಡ್ಡಿ, ದಾರದಲ್ಲಿ ಕಟ್ಟಿದ. ಚೌಕ ಚೌಕವಾಗಿ ಕಟ್ಟಿದ್ದು ಅರ್ಧ ಕಿಲೋ ಅಕ್ಕಿಗೆ ವಾಲಿ ಬಿತ್ತು. ಅಡ್ಡ ಕಡ್ಡಿ ಕೊಟ್ಟು ತ್ರಿಕೋನ ಮಾಡಿದ್ದು ಎರಡು ಕಿಲೋ ಹೊತ್ತಿತು. ‘ಪರೀಕ್ಷೆ ಹತ್ತಿರ ಬಂತು, ಕಡ್ಡಿ ಆಟ ಸಾಕು’ ಎಂದು ಮನೆಯವರು ರೇಗಿದರು. ನಾನು ಬಿಟ್ಟುಕೊಡಲಿಲ್ಲ. ರೇಖಾಗಣಿತ ಅವನಿಗೆ ಅಲ್ಲಿಂದಲೇ ಹತ್ತಿತು. ಅಕ್ಟೋಬರ್‌ನಲ್ಲಿ ಹಿಂದಿನ ದಿನವೇ ಹೋಗಿ, 900ರ ಲಾಡ್ಜ್‌ನಲ್ಲಿ ಉಳಿದು ಬರೆದ. 58 ಬಂತು.

ಟಿಎಂಎ ಕೊನೆಯ ವಾರಕ್ಕೆ ಬಿಡಬೇಡಿ, 20 ಪ್ರತಿಶತ ಅಂಕ ಅಲ್ಲೇ ಇದೆ. ಮೂರು ಗಂಟೆ ಒಂದೇ ಜಾಗದಲ್ಲಿ ಕೂತು ಬರೆಯಲು ಅವನನ್ನು ಹೇಗೆ ಒಗ್ಗಿಸಿದೆ ಎಂದು ಬಹಳ ಜನ ಕೇಳುತ್ತಾರೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಮಗಳ ಪರೀಕ್ಷೆಯೂ ಮುಗಿಯಲಿ. ನಮ್ಮ ಅತ್ತೆಯ ತಿಸ್ರೆ ಜಾಗವನ್ನೂ ಕೇಳಬೇಡಿ.

ಕಾಲೇಜಿನ ಕಚೇರಿಯಲ್ಲಿ ಅಂಕಪಟ್ಟಿ ತಿರುವಿ ‘ಇದು ಯಾವ ಬೋರ್ಡು ಬಾಯಿ’ ಎಂದರು. 1989ರಿಂದ ಇರುವ ಕೇಂದ್ರ ಸರ್ಕಾರದ ಸಂಸ್ಥೆ ಎಂದು ಕಾಗದ ತೋರಿಸಿದೆ. ಮೂರು ಸಲ ಅಲೆದ ಮೇಲೆ ಸೀಟು ಕೊಟ್ಟರು. ಬಾವ ಪೇಡೆ ತಂದರು.

ಮೊದಲ ಎರಡು ವರ್ಷ ಬಿಟ್ಟರೆ ವರ್ಷಕ್ಕೆ ಇಬ್ಬರಿಗೂ ಸೇರಿ 10 ಸಾವಿರ ದಾಟಿಲ್ಲ. ಈಗ ಮಗಳ ಸರದಿ. ಅವಳ ಒತ್ತಕ್ಷರ ಇನ್ನೂ ಸರಿಯಿಲ್ಲ, ನಮ್ಮ ಅಕ್ಕೋರು ತಮ್ಮ ಮಗಳ ಮನೆಗೆಂದು ಶಿರಸಿಗೆ ಹೋದರು. ಕೋಡಿಬಾಗ, ಸದಾಶಿವಗಡದ ಕಡೆ ಕನ್ನಡ ಕಲಿಸುವ ನಿವೃತ್ತ ಅಕ್ಕೋರು, ಮಾಸ್ತರು ಯಾರಾದರೂ ಇದ್ದರೆ ತಿಳಿಸಿ. ವಾರಕ್ಕೆ ಎರಡು ಸಲ ತಿಸ್ರೆ ತಲುಪಿಸುತ್ತೇವೆ, ಬಿಡಿಸಿಯೇ.